ಅಡುಗೆಮನೆಯ ನೀರು ಮತ್ತು ಫ್ಲೋರೈಡ್

ತುಮಕೂರು ನಗರದ ನಲ್ಲಿಗಳಿಗೆ ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹವಾಗುವ ಹೇಮಾವತಿ ನೀರೇ ಮುಖ್ಯ ಆಸರೆ. ಗುಬ್ಬಿ, ಕುಣಿಗಲ್ ಕಡೆಯ ಅನೇಕ ಹಳ್ಳಿಗಳಿಗೆ ಇಂದಿಗೂ ಕೊಳವೆಬಾವಿಯೇ ಗತಿ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಜಿಲ್ಲೆಯ ಪಾವಗಡದಲ್ಲಿ ಈ ತೊಂದರೆ ಹೆಚ್ಚು. ಆದರೆ ಒಂದೇ ಊರಿನ ಎರಡು ಕೊಳವೆಬಾವಿಗಳ ನೀರೂ ಬೇರೆಯಾಗಿರಬಹುದು. ಹಾಗಾಗಿ ಪ್ರತಿಯೊಂದನ್ನೂ ಪರೀಕ್ಷೆ ಮಾಡಿಸಬೇಕು.

ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮಿತಿ; ಬೇರೆ ಮೂಲವೇ ಇಲ್ಲದಿದ್ದರೆ 1.5. ಮಿತಿ ಮೀರಿದ ನೀರು ಎಳೆಯ ಮಕ್ಕಳ ಹಲ್ಲಿಗೆ ಬಿಳಿ, ಕಂದು ಕಲೆ ತರುತ್ತದೆ. ಇನ್ನೂ ಹೆಚ್ಚಿನ ಪ್ರಮಾಣ ವರ್ಷಗಟ್ಟಲೆ ದೇಹ ಸೇರಿದರೆ ಕೀಲು, ಬೆನ್ನು ಬಿಗಿಯುತ್ತವೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ.

ಹಲವು ಮನೆಗಳಲ್ಲಿ ನಡೆಯುವ ತಪ್ಪೊಂದಿದೆ: ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್, ಮುದ್ದೆಯ ಎಸರಿಗೆ ಕೊಳವೆಬಾವಿ ನೀರು. ಎಸರಿನಲ್ಲಿದ್ದ ಫ್ಲೋರೈಡ್ ಪೂರ್ತಿ ಮುದ್ದೆಯಲ್ಲೇ ಉಳಿಯುತ್ತದೆ. ಕ್ಯಾನಿನ ಖರ್ಚು ಸಾರ್ಥಕವಾಗಬೇಕಾದರೆ ಅನ್ನ, ಸಾರು, ಮುದ್ದೆಗೂ ಅದೇ ನೀರು ಬೇಕು. ರಾಗಿಯಲ್ಲಿ ಹೇರಳವಾಗಿರುವ ಕ್ಯಾಲ್ಸಿಯಂ ಮೂಳೆಗೆ ಒಳ್ಳೆಯದೇ, ಆದರೆ ಕೆಟ್ಟ ನೀರಿಗೆ ಅದು ಪರಿಹಾರವಲ್ಲ.

ಮನೆಯ ಆರ್‌ಒ ಯಂತ್ರ ಫ್ಲೋರೈಡನ್ನು ಬಹುಪಾಲು ತೆಗೆಯುತ್ತದೆ. ಅದು ಹೊರಬಿಡುವ ನೀರನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಬಳಸಬಹುದು. ಮಳೆನೀರು ಇನ್ನೂ ಅಗ್ಗ. 30×40 ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಸಾವಿರ ಲೀಟರ್. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿಟ್ಟು, ಕುದಿಸಿ ಬಳಸಿದರೆ ದಿನಕ್ಕೆ 25 ಲೀಟರಿನಂತೆ ಸುಮಾರು 40 ದಿನಗಳ ಅಡುಗೆಗೂ ಕುಡಿಯಲೂ ಸಾಕು.