ಹಳೇ ಹೆಲ್ಮೆಟ್: ಉಜ್ಜುವ ಮುನ್ನ ಒಮ್ಮೆ ಓದಿ

ಅಜ್ಜಿ ಕಾಲದ ಹಿತ್ತಾಳೆ ಚೊಂಬು ಸಿಕ್ಕರೆ ಹುಣಸೆಹಣ್ಣು ಹಾಕಿ ಫಳಫಳ ಅನ್ನೋ ಹಾಗೆ ತಿಕ್ಕುವವರು ನಾವು. ಆದರೆ ಜರ್ಮನ್ ಸೈನಿಕರ ಹಳೇ ಉಕ್ಕಿನ ಹೆಲ್ಮೆಟ್ ವಿಷಯದಲ್ಲಿ ಈ ಅಭ್ಯಾಸ ನಡೆಯಲ್ಲ. ಮಾಸಿದ ಬಣ್ಣ, ಗೀರು, ಬೆವರಿನ ಕಲೆ ಎಲ್ಲಾ ಸೇರಿ ಅದರ ಜಾತಕ. ತಿಕ್ಕಿದರೆ ಜಾತಕವೇ ಹೋಯ್ತು!

ಮೊದಲನೇ ಮಹಾಯುದ್ಧ ಶುರುವಾದಾಗ ಜರ್ಮನ್ ಸೈನಿಕರ ತಲೆ ಮೇಲಿದ್ದದ್ದು ಪಿಕೆಲ್‌ಹೌಬೆ ಎಂಬ ಚೂಪು ಮೊನೆಯ ಚರ್ಮದ ಶಿರಸ್ತ್ರಾಣ. ಕಂದಕದಲ್ಲಿ ಕೂತವರ ಮೇಲೆ ಸಿಡಿಯುವ ಶೆಲ್ ಚೂರುಗಳನ್ನು ತಡೆಯೋದು ಅದರಿಂದ ಆಗಲಿಲ್ಲ. ಹ್ಯಾನೋವರ್‌ನ ತಾಂತ್ರಿಕ ವಿದ್ಯಾಸಂಸ್ಥೆಯ ಫ್ರೀಡ್ರಿಶ್ ಶ್ವೆರ್ಡ್ ರೂಪಿಸಿದ, ಕಿವಿ-ಕುತ್ತಿಗೆಯನ್ನೂ ಕಾಯುವ ಉಕ್ಕಿನ ಹೆಲ್ಮೆಟ್ 1916ರಲ್ಲಿ ವೆರ್ಡನ್ ರಣರಂಗಕ್ಕೆ ಬಂತು.

ಯಾವ ಮಾದರಿ ಅಂತ ತಿಳಿಯೋದು ಹೇಗೆ?

1916ರ ಮಾದರಿಯ ಎರಡೂ ಬದಿಗೆ ಪುಟ್ಟ ಕೊಂಬಿನಂಥ ಭಾಗ ಇರುತ್ತೆ. ಅದು ಗಾಳಿಯಾಡೋಕೆ ಮತ್ತು ಹಣೆಯ ಮುಂದೆ ಇನ್ನೊಂದು ಉಕ್ಕಿನ ತಗಡು ಸಿಕ್ಕಿಸೋಕೆ. 1935ರದ್ದು ಚಿಕ್ಕದು, ಅಂಚು ಒಳಕ್ಕೆ ಮಡಚಿದೆ, ಗಾಳಿಯ ತೂತಿಗೆ ಬೇರೆಯದೇ ಬಳೆ ಕೂರಿಸಿದೆ. 1940ರದ್ದರಲ್ಲಿ ತೂತಿನ ಅಂಚನ್ನು ಅದೇ ತಗಡಿನಲ್ಲಿ ಒತ್ತಿದ್ದಾರೆ. 1942ರದ್ದರಲ್ಲಿ ಅಂಚು ಮಡಚುವ ಕೆಲಸವನ್ನೂ ಬಿಟ್ಟರು. ಯುದ್ಧ ಎಳೆದಂತೆಲ್ಲ ಕಾರ್ಖಾನೆಯಲ್ಲಿ ಕೆಲಸ ಹೇಗೆ ಉಳಿಸಿದರು ಅನ್ನೋದನ್ನ ಬರೀ ಅಂಚು ಮುಟ್ಟಿಯೇ ತಿಳಿಯಬಹುದು.

ಒಳಗೆ ಒತ್ತಿದ ಮುದ್ರೆಯನ್ನೂ ನೋಡಿ. ‘ಇಟಿ64’ ಅಂದರೆ ಥಾಲೆ ಊರಿನ ಕಾರ್ಖಾನೆ, 64 ಅಳತೆಯ ಚಿಪ್ಪು. ‘ಕ್ಯೂ’ ಅಂದರೆ ಎಸ್‌ಲಿಂಗೆನ್‌ನ ಕ್ವಿಸ್ಟ್. ಹಿಂಬದಿಯಲ್ಲಿ ಚಿಕ್ಕ ಲೋಹದ ಕೊಂಡಿ ಇದ್ದರೆ ಹುಷಾರು, ಅದು ಹಂಗೇರಿಯ 1938ರ ಮಾದರಿ ಆಗಿರಬಹುದು.

ಮೋಸ ಹೆಚ್ಚು ನಡೆಯೋದು ಲಾಂಛನದಲ್ಲಿ. ಜರ್ಮನ್ ಭೂಸೇನೆ ಕಪ್ಪು-ಬಿಳಿ-ಕೆಂಪು ಗುರುತನ್ನು 1940ರಲ್ಲಿ, ಹದ್ದಿನ ಗುರುತನ್ನು 1943ರಲ್ಲಿ ಕೈಬಿಟ್ಟಿತು. ಹಾಗಾಗಿ ಭೂಸೇನೆಯದು ಅನ್ನೋ 1942ರ ಹೆಲ್ಮೆಟ್‌ನಲ್ಲಿ ಎರಡೂ ಹೊಳೆಯುತ್ತಿದ್ದರೆ, ಯಾರೋ ಆಮೇಲೆ ಅಂಟಿಸಿರೋ ಸಾಧ್ಯತೆಯೇ ಹೆಚ್ಚು.

ಕಾಪಾಡೋದು ಹೇಗೆ?

ಮೊದಲು ಎಲ್ಲಾ ಕೋನದಿಂದ ಫೋಟೋ ತೆಗೆಯಿರಿ. ಕೈಬೆವರಿನ ಉಪ್ಪು ತುಕ್ಕು ತರುತ್ತೆ, ಗ್ಲೌಸ್ ಹಾಕಿಕೊಳ್ಳಿ. ಧೂಳಿಗೆ ಮೆತ್ತನೆ ಬ್ರಷ್ ಸಾಕು. ಮರಳು ಕಾಗದ, ತಂತಿ ಬ್ರಷ್, ಹೊಸ ಪೇಂಟ್ ಬೇಡವೇ ಬೇಡ. ಬಣ್ಣ ಹೋಗಿ ಲೋಹ ಕಾಣುವ ಕಡೆ ಮಾತ್ರ ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಬಹುದು. ಒಳಗಿನ ಚರ್ಮಕ್ಕೆ ಎಣ್ಣೆ, ಶೂ ಪಾಲಿಶ್ ಹಚ್ಚಬೇಡಿ, ಒಣಗಿದ್ದನ್ನು ಬಗ್ಗಿಸಲೂಬೇಡಿ. ಗಲ್ಲದ ಪಟ್ಟಿ ಹಿಡಿದು ನೇತುಹಾಕದೆ, ಒಳಗೆ ಆಸಿಡ್ ರಹಿತ ಕಾಗದ ತುಂಬಿ ಸ್ಟ್ಯಾಂಡ್ ಮೇಲೆ ಕೂರಿಸಿ. ತೇವಾಂಶ ಶೇ. 50ರ ಆಸುಪಾಸು ಇದ್ದರೆ ಒಳ್ಳೇದು.

ಚರ್ಮಕ್ಕೆ ಇಷ್ಟೊಂದು ಜೋಪಾನ ಯಾಕೆ ಗೊತ್ತಾ? ಎಷ್ಟೋ ಸೈನಿಕರು ತಮ್ಮ ಹೆಸರು ಬರೆದುಕೊಳ್ಳುತ್ತಿದ್ದದ್ದು ಅಲ್ಲೇ. ಜರ್ಮನಿಯ ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ‘ಫೋಲ್ಕ್ಸ್‌ಬುಂಡ್’ ಸಂಸ್ಥೆಯ ಆನ್‌ಲೈನ್ ಪಟ್ಟಿಯಲ್ಲಿ ಸತ್ತವರ, ಕಾಣೆಯಾದವರ ಲಕ್ಷಾಂತರ ಹೆಸರುಗಳಿವೆ. ಮಾಸಿದ ಶಾಯಿಯ ನಾಲ್ಕು ಅಕ್ಷರ ಅಲ್ಲಿನ ಒಂದು ಹೆಸರಿಗೆ ಹೊಂದಬಹುದು. ನೀವು ಪಾಲಿಶ್ ಹಾಕಿದರೆ ಆ ದಾರಿ ಮುಚ್ಚಿತು.

ಇನ್ನೊಂದು ಮಾತು. ಆ ಹದ್ದಿನ ಕಾಲಲ್ಲಿರೋದು ನಾಜಿಗಳ ಸ್ವಸ್ತಿಕ. ಜರ್ಮನಿಯಲ್ಲಿ ಅದರ ಸಾರ್ವಜನಿಕ ಪ್ರದರ್ಶನ ಅಪರಾಧ. ಇತಿಹಾಸದ ಬೋಧನೆ, ಸಂಶೋಧನೆಗಳಿಗೆ ವಿನಾಯಿತಿ ಇದೆ. ಹಾಗಂತ ಅದನ್ನು ಕೆರೆದು ತೆಗೆದರೆ ಸಾಕ್ಷಿ ಅಳಿಸಿದಂತೆ, ಹೊಸದಾಗಿ ಅಂಟಿಸಿದರೆ ಸುಳ್ಳು ಸಾಕ್ಷಿ ಹೇಳಿದಂತೆ. ಶೋಕೇಸಿನ ಶೋಕಿಗೆ ಇದು ತಕ್ಕ ವಸ್ತುವಲ್ಲ. ಇದರೊಳಗೆ ಒಂದು ತಲೆ ಇತ್ತು. ಆ ಕಥೆಯನ್ನು ಇದ್ದ ಹಾಗೇ ಮುಂದಿನವರಿಗೆ ದಾಟಿಸಿದರೆ ಅದೇ ಸಂರಕ್ಷಣೆ.