ಗ್ಯಾಂಡಾಲ್ಫ್ ಎಷ್ಟನೇ ಲೆವೆಲ್?

1977ರ ಮಾರ್ಚ್‌ನಲ್ಲಿ ಅಮೆರಿಕದ ‘ಡ್ರ್ಯಾಗನ್’ ಪತ್ರಿಕೆ ಒಂದು ಲೇಖನ ಪ್ರಕಟಿಸಿತು. ಟೋಲ್ಕಿನ್ ಸೃಷ್ಟಿಸಿದ ಮಹಾಮಾಂತ್ರಿಕ ಗ್ಯಾಂಡಾಲ್ಫ್ ಬರೀ ಐದನೇ ಲೆವೆಲ್‌ನವನು, ಅಂದರೆ ಆಟದ ಲೆಕ್ಕದಲ್ಲಿ ಶಕ್ತಿಯ ಐದನೇ ಮೆಟ್ಟಿಲಿನವನಷ್ಟೇ, ಎಂಬುದು ಅದರ ವಾದ. ಬರೆದವರು ಬಿಲ್ ಸೆಲಿಗ್‌ಮನ್. ಕಾದಂಬರಿಯಲ್ಲಿ ಗ್ಯಾಂಡಾಲ್ಫ್ ನಿಜವಾಗಿ ಮಾಡಿ ತೋರಿಸುವ ಮಾಯಾಜಾಲವನ್ನು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮಂತ್ರಪಟ್ಟಿಯ ಪಕ್ಕದಲ್ಲಿಟ್ಟು ಅವರು ಅಳೆದಿದ್ದರು. ಪುಸ್ತಕ ತೆರೆದು ನೋಡಿದರೆ ಲೆಕ್ಕ ತಪ್ಪು ಎನ್ನುವಂತಿಲ್ಲ. ಅವನು ಪೈನ್ ಕಾಯಿಗಳಿಗೆ ಬೆಂಕಿ ಹಚ್ಚಿ ತೋಳಗಳ ಮೇಲೆ ಎಸೆಯುತ್ತಾನೆ, ಮೋರಿಯಾದ ಕತ್ತಲಲ್ಲಿ ಕೋಲಿನ ತುದಿಗೆ ಬೆಳಕು ತರುತ್ತಾನೆ. ಆಟದಲ್ಲಾದರೋ ಬೆಂಕಿಯುಂಡೆ, ಸಿಡಿಲು ಎರಡೂ ಐದನೇ ಲೆವೆಲ್‌ಗೇ ಕೈಗೆ ಬರುವ ಮಂತ್ರಗಳು.

ಲೆಕ್ಕ ಸರಿ, ಆದರೆ ಆ ಲೆಕ್ಕದಲ್ಲಿ ಗ್ಯಾಂಡಾಲ್ಫ್ ಮಾತ್ರ ಇಲ್ಲ. ಓದಿ ಮೆಚ್ಚಿದ ನಾಯಕನನ್ನು ಆಟದ ಮೇಜಿಗೆ ಕರೆತರುವ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ.

ಈ ಆಟವನ್ನು 1974ರಲ್ಲಿ ಹೊರತಂದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಪ್ರತಿ ಪಾತ್ರಕ್ಕೂ ಒಂದು ಕ್ಯಾರೆಕ್ಟರ್ ಶೀಟ್. ಅದರಲ್ಲಿ ಬಲ, ಬುದ್ಧಿ, ವಿವೇಕ, ಚುರುಕು, ದೇಹದಾರ್ಢ್ಯ, ವರ್ಚಸ್ಸು ಎಂಬ ಆರು ಗುಣಗಳು. ಮೂರು ದಾಳ ಹಾಕಿ ಬರೆದುಕೊಳ್ಳುವುದರಿಂದ ಪ್ರತಿಯೊಂದೂ 3ರಿಂದ 18ರೊಳಗೆ.

ನಾಯಕರು ಈ ಆಟಕ್ಕೆ ಮೊದಲು ಬಂದದ್ದು ಹೆಸರು ಕಳಚಿಟ್ಟು. ಟೋಲ್ಕಿನ್ ಕಾದಂಬರಿಯ ಅರಗಾರ್ನ್‌ನನ್ನು ನೋಡಿಯೇ ಆಟದಲ್ಲಿ ರೇಂಜರ್ ಎಂಬ ವರ್ಗ ಹುಟ್ಟಿತು. ದೂರದ್ದನ್ನು ತೋರಿಸುವ ಸ್ಫಟಿಕಗೋಲವನ್ನು ಬಳಸುವ ಅಧಿಕಾರ ಮೇಲಿನ ಲೆವೆಲ್‌ನ ರೇಂಜರ್‌ಗೆ ಏಕಿತ್ತು ಎಂಬುದು, ಅರಗಾರ್ನ್ ಪಲಂತೀರ್ ಎಂಬ ಅಂಥದೇ ಗೋಲವನ್ನು ಕೈಗೆತ್ತಿಕೊಂಡ ಸಂದರ್ಭವನ್ನು ಓದಿದವರಿಗಷ್ಟೇ ಹೊಳೆಯುತ್ತದೆ. ಒಮ್ಮೆ ಹಾಕಿದ ಮಂತ್ರ ಮನಸ್ಸಿನಿಂದ ಅಳಿಸಿಹೋಗುವ ನಿಯಮ ಜ್ಯಾಕ್ ವ್ಯಾನ್ಸ್ ಕಥೆಗಳದು. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನ ಅನುಬಂಧದಲ್ಲಿ ಗೈಗ್ಯಾಕ್ಸ್ ತಮಗೆ ಸ್ಫೂರ್ತಿ ಕೊಟ್ಟ ಲೇಖಕರನ್ನು ಹೆಸರಿಸಿ ಸ್ಮರಿಸಿದ್ದಾರೆ.

ಹೆಸರಿಟ್ಟುಕೊಂಡೇ ಬಂದವರ ಕಥೆ ಬೇರೆ. ‘ಡ್ರ್ಯಾಗನ್’ ಪತ್ರಿಕೆ 1979ರಲ್ಲಿ ಕಥಾನಾಯಕರಿಗೆ ಆಟದ ಅಂಕಿ ಕೊಡಲೆಂದೇ ಒಂದು ಅಂಕಣ ತೆರೆಯಿತು. ಸಾಹಸಕಥೆಗಳ ಖಡ್ಗವೀರ ಕೋನನ್‌ನನ್ನು ಸ್ವತಃ ಗೈಗ್ಯಾಕ್ಸ್ ಎತ್ತಿಕೊಂಡರು. ಹದಿಹರೆಯದ ಕಳ್ಳ, ನಡುವಯಸ್ಸಿನ ರಾಜ, ಮುಪ್ಪಿನ ಯೋಧ ಹೀಗೆ ವಯಸ್ಸಿಗೊಂದರಂತೆ ಅವನ ಅಂಕಿಗಳನ್ನು ಬರೆದರು. ನನಗೆ ಇದು ತುಂಬ ಪ್ರಾಮಾಣಿಕ ಪ್ರಯತ್ನವೆನಿಸುತ್ತದೆ. ಕಥೆಯಿಂದ ಕಥೆಗೆ ಬೆಳೆಯುವ ಮನುಷ್ಯನನ್ನು ಒಂದೇ ಹಾಳೆಗೆ ಕಟ್ಟಿಹಾಕಲಾಗದು ಎಂದು ಅವರು ಒಪ್ಪಿಕೊಂಡಿದ್ದರು.

1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕದಲ್ಲಿ ಮೈಕೆಲ್ ಮೂರ್‌ಕಾಕ್‌ರ ಎಲ್ರಿಕ್ ಇದ್ದ. ಬೇರೆ ಪ್ರಕಾಶಕರ ಹಕ್ಕಿನ ತಕರಾರಿನಿಂದ ಮುಂದಿನ ಮುದ್ರಣಗಳಲ್ಲಿ ಆ ಪುಟಗಳು ಹೋದವು, 144 ಪುಟದ ಪುಸ್ತಕ 128ಕ್ಕೆ ಇಳಿಯಿತು. ಅದೇ ಪುಸ್ತಕದಲ್ಲಿ ನಮ್ಮ ಇಂದ್ರ, ವರುಣ, ಯಮರಿಗೂ ಹಿಟ್ ಪಾಯಿಂಟ್‌ಗಳಿವೆ. ಇಷ್ಟು ಪೆಟ್ಟು ಬಿದ್ದರೆ ಯಮನೂ ಉರುಳುತ್ತಾನೆ ಎಂದಂತಾಯಿತು. ಅಂಕಿ ಕೊಟ್ಟ ಕೂಡಲೇ ದೇವರಾಗಲಿ ನಾಯಕನಾಗಲಿ ಹೊಡೆದುರುಳಿಸಬೇಕಾದ ಗುರಿಯಾಗಿಬಿಡುತ್ತಾನೆ.

ಹಾಗಾದರೆ ಬರೆಯಬೇಕಾದ್ದೇನು? ಗ್ಯಾಂಡಾಲ್ಫ್‌ನನ್ನೇ ನೋಡಿ. ಕಥೆ ನಡೆಯುವ ಮಧ್ಯಭೂಮಿಗೆ ಕಳಿಸಲ್ಪಟ್ಟ ಮಾಂತ್ರಿಕರು ಖಳನಾಯಕ ಸೌರಾನ್‌ನ ಶಕ್ತಿಗೆ ಶಕ್ತಿಯಿಂದ ಎದುರು ನಿಲ್ಲಕೂಡದು, ಜನರನ್ನು ಬಲದಿಂದ ಆಳಕೂಡದು ಎಂಬ ಕಟ್ಟಳೆ ಟೋಲ್ಕಿನ್ ಕಾದಂಬರಿಯ ಅನುಬಂಧದಲ್ಲಿದೆ. ಅವನು ಕಡಿಮೆ ಮಂತ್ರ ಬಳಸುವುದು ಶಕ್ತಿ ಸಾಲದೆ ಅಲ್ಲ, ಕಟ್ಟಳೆಗೆ ಬದ್ಧನಾಗಿ. ಎಲ್ರಿಕ್ ಹುಟ್ಟಾ ದುರ್ಬಲ, ಮದ್ದಿನ ಬಲದಲ್ಲಿ ಬದುಕುವವನು. ಅವನಿಗೆ ಕಸುವು ಕೊಡುವ ಖಡ್ಗ ಅವನು ಪ್ರೀತಿಸಿದವರ ಆತ್ಮವನ್ನೂ ಕುಡಿಯುತ್ತದೆ. ಕರ್ಣನ ಶೀಟಿನಲ್ಲಿ ಬಿಲ್ವಿದ್ಯೆಯ ಅಂಕಿಯಷ್ಟೇ ಇದ್ದು ಪರಶುರಾಮನ ಶಾಪ, ದುರ್ಯೋಧನನ ಋಣ ಇಲ್ಲದಿದ್ದರೆ ಅವನನ್ನು ಕರ್ಣ ಎನ್ನಲು ನಮಗೆ ಮನಸ್ಸು ಬರುತ್ತದೆಯೇ?

ಇದನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದವರು ಗ್ರೆಗ್ ಸ್ಟಾಫರ್ಡ್. ಆರ್ಥರ್ ರಾಜನ ಕಥೆಗಳ ಮೇಲೆ ಅವರು 1985ರಲ್ಲಿ ರಚಿಸಿದ ‘ಪೆಂಡ್ರಾಗನ್’ನಲ್ಲಿ ಧೈರ್ಯ–ಹೇಡಿತನ, ಕರುಣೆ–ಕ್ರೌರ್ಯದಂಥ ಹದಿಮೂರು ಜೋಡಿ ಸ್ವಭಾವಗಳಿವೆ. ಜೋಡಿಯ ಮೊತ್ತ ಯಾವಾಗಲೂ 20. ಕರುಣೆ 15 ಇದ್ದರೆ ಕ್ರೌರ್ಯ 5, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಇವುಗಳ ಜೊತೆಗೆ ಪ್ರೇಮ, ಸ್ವಾಮಿನಿಷ್ಠೆ, ದ್ವೇಷಗಳಿಗೂ ಅಂಕಿ. ಗಾಢ ಪ್ರೇಮದ ಬಲದಿಂದ ಯೋಧ ತನ್ನ ಶಕ್ತಿ ಮೀರಿ ಕಾದಾಡಬಲ್ಲ. ಅದೇ ಪ್ರೇಮದ ದಾಳ ತೀರಾ ಕೆಟ್ಟದಾಗಿ ಬಿದ್ದರೆ ಹುಚ್ಚು ಹಿಡಿಯಬಹುದು. ಆರ್ಥರನ ಯೋಧ ಲಾನ್ಸೆಲಟ್ ಹುಚ್ಚನಾಗಿ ಅಲೆದ ಕಥೆ ಹಾಗೆ ಮೇಜಿನ ಮೇಲೆ ತಾನಾಗಿ ಹುಟ್ಟಿಕೊಳ್ಳುತ್ತದೆ. 2011ರ ‘ದಿ ಒನ್ ರಿಂಗ್’ ಟೋಲ್ಕಿನ್ ಲೋಕಕ್ಕೆ ಭರವಸೆ ಮತ್ತು ನೆರಳು ಎಂಬ ಎರಡು ಅಳತೆಗಳನ್ನು ತಂದಿತು. ನೆರಳು ಭರವಸೆಯನ್ನು ಮೀರಿದರೆ ಎಂಥ ಗಟ್ಟಿಗನೂ ಕುಗ್ಗುತ್ತಾನೆ.

ನೀವೂ ಇಷ್ಟದ ನಾಯಕನನ್ನು ಆಟಕ್ಕೆ ತರುವವರಾದರೆ ಬಲ ಎಷ್ಟು, ಲೆವೆಲ್ ಎಷ್ಟು ಎಂಬ ಚೌಕಗಳನ್ನು ಸ್ವಲ್ಪ ಹೊತ್ತು ಖಾಲಿ ಬಿಡಿ. ಅವನು ಯಾರಿಗೆ ಮಾತು ಕೊಟ್ಟಿದ್ದಾನೆ, ಪ್ರಾಣ ಹೋದರೂ ಏನು ಮಾಡಲಾರ ಎಂಬುದನ್ನು ಮೊದಲು ಬರೆಯಿರಿ.