ಮಿದುಳಿಗೆ ಕೋಶಗಳ ಕಸಿ: ಒಪ್ಪುವ ಮುನ್ನ

‘ಡಾಕ್ಟ್ರೇ, ಇನ್ನು ಕಳೆದುಕೊಳ್ಳುವುದಾದರೂ ಏನಿದೆ?’ ಹಂಟಿಂಗ್ಟನ್ ಕಾಯಿಲೆಯಂತಹ ಆನುವಂಶಿಕ ಮಿದುಳು ರೋಗ ಇರುವ ಮನೆಯವರು ‘ಸ್ಟೆಮ್ ಸೆಲ್’ ಚಿಕಿತ್ಸೆಯ ಜಾಹೀರಾತು ಕಂಡಾಗ ಕೇಳುವ ಮಾತಿದು. ಹಗುರವಾಗಿ ತಳ್ಳಿಹಾಕುವ ಮಾತಲ್ಲ.

ಈ ಕಾಯಿಲೆ ಸಾಮಾನ್ಯವಾಗಿ 30ರಿಂದ 50 ವರ್ಷದೊಳಗೆ ತಲೆದೋರುತ್ತದೆ. ಮೊದಲು ಸಿಡುಕು, ಮಂಕು, ಕೈಯಿಂದ ಲೋಟ ಜಾರುವುದು. ಆಮೇಲೆ ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಕುಣಿದಂತೆ ಆಡತೊಡಗುತ್ತವೆ. ಕುಡಿದಿದ್ದಾನೆಂದು ಬೀದಿಯ ಜನ ಆಡಿಕೊಳ್ಳುವುದೂ ಉಂಟು. ಬರಬರುತ್ತಾ ಮಾತು, ನುಂಗುವ ಶಕ್ತಿ, ವಿವೇಚನೆ ಕುಂದುತ್ತವೆ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ದೋಷವುಳ್ಳ ಜೀನ್ 1993ರಲ್ಲೇ ಪತ್ತೆಯಾಯಿತು. ಗುಣಪಡಿಸುವ ಔಷಧ ಮಾತ್ರ ಇಲ್ಲ.

ನಶಿಸಿದ ಕೋಶಗಳ ಜಾಗದಲ್ಲಿ ಹೊಸವನ್ನು ನೆಟ್ಟರೆ? ಫ್ರಾನ್ಸಿನ ವೈದ್ಯರು ಭ್ರೂಣದ ಮಿದುಳಿನ ಕೋಶಗಳನ್ನು ಐವರು ರೋಗಿಗಳಿಗೆ ಕಸಿ ಮಾಡಿ 2000ದಲ್ಲಿ ವರದಿ ಪ್ರಕಟಿಸಿದರು. ಮೂವರು ಸುಧಾರಿಸಿದ್ದರು. 2006ರ ವರದಿಯ ಹೊತ್ತಿಗೆ ಆ ಲಾಭ ಕೆಲವು ವರ್ಷ ನಿಂತು, ಕರಗತೊಡಗಿತ್ತು. ವೈದ್ಯರ ಲೆಕ್ಕದಲ್ಲಿ ಇದು ತಾತ್ಕಾಲಿಕ ಫಲ. ಆದರೆ ತಾನೇ ತುತ್ತು ಎತ್ತಿ ಉಣ್ಣುವ ಎರಡು ವರ್ಷ ರೋಗಿಗೆ ಸಣ್ಣದೇನಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಆ ಎರಡು ವರ್ಷವೂ ಖಾತ್ರಿಯಿಲ್ಲ. ಮುಂದೆ 45 ರೋಗಿಗಳಲ್ಲಿ ಕೆಲವರಿಗೆ ಮೊದಲು, ಉಳಿದವರಿಗೆ ತಡವಾಗಿ ಕಸಿ ಮಾಡುವ ದೊಡ್ಡ ಪ್ರಯೋಗ ನಡೆಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲು ಮಾಡಿಸಿಕೊಂಡವರು ಸರದಿಗೆ ಕಾಯುತ್ತಿದ್ದವರಿಗಿಂತ ಮೇಲಾಗಿರಲಿಲ್ಲ. ತಲೆಬುರುಡೆಗೆ ರಂಧ್ರ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳು, ಎಲ್ಲವನ್ನೂ ಸಹಿಸಿಯೂ ಹೀಗೆ.

ಕಳೆದುಕೊಳ್ಳುವುದೂ ಇದೆ. ಅಟಾಕ್ಸಿಯಾ ಟೆಲಂಜಿಯೆಕ್ಟೇಸಿಯಾ ಎಂಬ ಇನ್ನೊಂದು ಆನುವಂಶಿಕ ರೋಗವಿದ್ದ ಇಸ್ರೇಲಿನ ಬಾಲಕನಿಗೆ 2001ರಿಂದ ಮಾಸ್ಕೋದಲ್ಲಿ ಭ್ರೂಣದ ನರಕೋಶಗಳ ಚುಚ್ಚುಮದ್ದು ಕೊಡಿಸಿದ್ದರು. ನಾಲ್ಕು ವರ್ಷಗಳ ನಂತರ ಅವನ ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಗೆಡ್ಡೆಗಳು ಕಂಡವು. ಬೆನ್ನುಹುರಿಯಿಂದ ತೆಗೆದ ಗೆಡ್ಡೆಯನ್ನು ಪರೀಕ್ಷಿಸಿದಾಗ ಅದು ಹುಡುಗನ ಕೋಶಗಳಿಂದಲ್ಲ, ದಾನದ ಕೋಶಗಳಿಂದಲೇ ಬೆಳೆದದ್ದೆಂದು 2009ರಲ್ಲಿ ವರದಿಯಾಯಿತು. ಮಗ ಉಳಿಯಲಿ ಎಂದು ಅಷ್ಟು ದೂರ ಹೋದವರು ಅವರು.

ಹಾಗಾದರೆ ಪ್ರಯೋಗಗಳಿಗೆ ಸೇರಲೇಬಾರದೇ? ಸೇರಬಹುದು, ಆದರೆ ಅದು ನಿಜವಾದ ಪ್ರಯೋಗವಾಗಿರಬೇಕು. ನಮ್ಮ ದೇಶದಲ್ಲಿ ಅಂಥದ್ದು ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಇರಲೇಬೇಕು. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ಪ್ರಯೋಗದಿಂದ ಹಾನಿಯಾದರೆ 2019ರ ನಿಯಮಗಳಂತೆ ಪರಿಹಾರ ಸಿಗಬೇಕು. ಲಕ್ಷಗಟ್ಟಲೆ ಹಣ ಕೇಳಿ, ಹಳೆಯ ರೋಗಿಗಳ ಹೊಗಳಿಕೆಯ ವಿಡಿಯೊ ತೋರಿಸಿದರೆ ಅದು ವ್ಯಾಪಾರ. ಜಮೀನು ಮಾರಬೇಡಿ. ‘ಈ ಮೊದಲು ಎಷ್ಟು ಜನಕ್ಕೆ ಮಾಡಿದಿರಿ, ಐದು ವರ್ಷದ ಮೇಲೆ ಅವರು ಹೇಗಿದ್ದಾರೆ?’ ಎಂದು ಕೇಳಿ ನೋಡಿ.

ಈ ಮಾತುಕತೆ ರೋಗಿಯ ವಿವೇಚನೆ ಚೆನ್ನಾಗಿರುವಾಗಲೇ ನಡೆಯಲಿ. ಮುಂದೆ ಅಣ್ಣತಮ್ಮಂದಿರು ನಿರ್ಧರಿಸುವುದಕ್ಕಿಂತ, ತನಗೇನು ಬೇಕು, ಏನು ಬೇಡ ಎಂದು ಅವರೇ ಹೇಳಿ ಬರೆದಿಡಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜೀನ್ ಪರೀಕ್ಷೆ, ಆಪ್ತಸಲಹೆ ಎರಡೂ ಇವೆ. ಲಕ್ಷಣವಿಲ್ಲದ ಮಕ್ಕಳಿಗೆ ಪರೀಕ್ಷೆ ಬೇಡ. ವಯಸ್ಸಿಗೆ ಬಂದ ಮೇಲೆ ಅವರೇ ತೀರ್ಮಾನಿಸಲಿ.

ಪ್ರಯೋಗಕ್ಕೆ ಸೇರಲಿ, ಬಿಡಲಿ, ಮನೆಯ ಆರೈಕೆ ನಿಲ್ಲಬಾರದು. ಅಂಗಾಂಗಗಳ ಕುಣಿತ ತಗ್ಗಿಸಲು, ಮಂಕು ಕಳೆಯಲು ಮಾತ್ರೆಗಳಿವೆ. ಇಂಥವರ ತೂಕ ಬೇಗ ಇಳಿಯುವುದರಿಂದ ತುಪ್ಪ, ಬೆಣ್ಣೆ ಧಾರಾಳವಾಗಿರಲಿ. ನೀರು ನುಂಗುವಾಗ ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತಿಳಿಸಿ. ನೆಟ್ಟಗೆ ಕೂರಿಸಿ, ಗಂಜಿಯಷ್ಟು ಮಂದವಾದುದನ್ನು ನಿಧಾನವಾಗಿ ಕುಡಿಸಿ.